ಶಿಶುಗಳಿಗೆ ರೋಟಾವೈರಸ್ ಲಸಿಕೆ

ರೋಟಾವೈರಸ್ ಸೋಂಕಿನಿಂದ ಎಳೆಯ ಮಕ್ಕಳಲ್ಲಿ ತೀವ್ರ ಅತಿಸಾರ ಭೇದಿ, ವಾಂತಿ ಹಾಗೂ ಜ್ವರ ಉಂಟಾಗುತ್ತದೆ. ನಿರ್ಜಲೀಕರಣದಿಂದ ಪ್ರಾಣಾಪಾಯವೂ ಸಂಭವಿಸಬಹುದು.

ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 2016ರಿಂದ ಹಂತ ಹಂತವಾಗಿ ಸೇರ್ಪಡೆಗೊಂಡ ಈ ಲಸಿಕೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. ಇದು ಚುಚ್ಚುಮದ್ದಲ್ಲ, ಶಿಶುವಿಗೆ 6, 10 ಮತ್ತು 14 ವಾರಗಳಾದಾಗ ಬಾಯಿಯ ಮೂಲಕ ಹಾಕಲಾಗುತ್ತದೆ.

ಮೊದಲ ಡೋಸ್ ತಪ್ಪಿದ್ದಲ್ಲಿ, ಒಂದು ವರ್ಷ ತುಂಬುವುದರೊಳಗೆ ಅದನ್ನು ಕೊಡಿಸತಕ್ಕದ್ದು. ತದನಂತರ ಈ ಕಾರ್ಯಕ್ರಮದಡಿ ಲಸಿಕೆ ಆರಂಭಿಸಲು ಅವಕಾಶವಿರುವುದಿಲ್ಲ. ಉಳಿದ ಡೋಸ್‌ಗಳನ್ನು ಕನಿಷ್ಠ 4 ವಾರಗಳ ಅಂತರದಲ್ಲಿ ಪೂರ್ಣಗೊಳಿಸಬೇಕು.

ಇತರ ಕಾರಣಗಳಿಂದಲೂ ಭೇದಿ ಬರಬಹುದಾದ್ದರಿಂದ, ಲಸಿಕೆ ಪಡೆದ ಮಗುವಿಗೂ ಭೇದಿಯಾದಲ್ಲಿ ಎದೆಹಾಲು ನಿಲ್ಲಿಸದೆ, ಓ.ಆರ್.ಎಸ್. ದ್ರಾವಣ ನೀಡಿ, ವೈದ್ಯರನ್ನು ಸಂಪರ್ಕಿಸುವುದು.

ಲಸಿಕೆಗೆ ಬರುವಾಗ ತಾಯಿ ಕಾರ್ಡ್ ತಪ್ಪದೇ ತರಲು ಪೋಷಕರನ್ನು ಕೋರಲಾಗಿದೆ.