ಕಿನೊಸಾಕಿಯ ಬಿಸಿನೀರು

ಜಪಾನು ಭೂಕಂಪಗಳ ನಾಡು, ಅಗ್ನಿಪರ್ವತಗಳ ನಾಡು. ನೆಲದೊಳಗೆ ಅಡಗಿರುವ ಶಕ್ತಿಯಿಂದ ಆ ದೇಶದ ಜನ ಪಟ್ಟಿರುವ ಪಾಡು ಅಷ್ಟಿಷ್ಟಲ್ಲ. ಆದರೆ ಕಾಡುವ ನೆಲವೇ ಕಾಯುವುದೂ ಉಂಟು. ಬೆಟ್ಟದ ತಪ್ಪಲುಗಳಲ್ಲಿ, ಕಡಲ ತಡಿಯಲ್ಲಿ ಬಿಸಿನೀರಿನ ಬುಗ್ಗೆಗಳು ಎಣಿಸಲಾರದಷ್ಟು ಚಿಮ್ಮುತ್ತವೆ. ಇವಕ್ಕೆ ‘ಒನ್ಸೆನ್’ ಎಂದು ಹೆಸರು. ಯಾತ್ರೆ, ಚಿಕಿತ್ಸೆ, ವಿಶ್ರಾಂತಿ, ಹರಟೆ ಎಲ್ಲವೂ ಆ ಒಂದು ಮಾತಿನಲ್ಲಿ ಅಡಕವಾಗಿವೆ. ಇಂತಹ ಊರುಗಳಲ್ಲಿ ಒಂದಾದ ಕಿನೊಸಾಕಿಗೆ ನಾನು ನವೆಂಬರ್ ತಿಂಗಳ ಕೊನೆಯಲ್ಲಿ ಹೋಗಿದ್ದೆ. ಅಲ್ಲಿಯ ನೀರು ಹಿತವಾಗಿತ್ತು; ಆ ನೀರಿನ ಹಿಂದಿರುವ ಕಥೆ ಅದಕ್ಕಿಂತಲೂ ಹಿತವಾಗಿತ್ತು.

ಕಿನೊಸಾಕಿ ಇರುವುದು ಹ್ಯೋಗೊ ಪ್ರಾಂತದ ಉತ್ತರದಲ್ಲಿ, ಜಪಾನ್ ಸಮುದ್ರಕ್ಕೆ ಸಮೀಪವಾಗಿ. ಕ್ಯೋಟೊ ನಗರದಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ಹಾದಿ. ಊರಿನ ನಡುವೆ ಓತಾನಿ ಎಂಬ ಚಿಕ್ಕ ಹೊಳೆ. ಅದರ ಎರಡು ದಡಗಳಲ್ಲಿಯೂ ಕೊಂಬೆಗಳನ್ನು ನೀರಿನತ್ತ ಇಳಿಬಿಟ್ಟ ವಿಲೋ ಮರಗಳ ಸಾಲು. ಅಲ್ಲಲ್ಲಿ ಕಮಾನಿನ ಕಲ್ಲುಸೇತುವೆ. ಹಿಂದೆ ಮರದಿಂದ ಕಟ್ಟಿದ ಮೂರಂತಸ್ತಿನ ವಸತಿಗೃಹಗಳು. ಸಂಜೆಯಾದೊಡನೆ ಬೀದಿಯ ತುಂಬ ಜನ. ಎಲ್ಲರ ಮೈಮೇಲೂ ಯುಕಾತ ಎಂಬ ಹತ್ತಿಯ ನಿಲುವಂಗಿ, ಚಳಿಗೆಂದು ಅದರ ಮೇಲೊಂದು ದಪ್ಪನೆಯ ಹೊದಿಕೆ, ಕಾಲಲ್ಲಿ ಮರದ ಹಾವುಗೆ. ಅಜ್ಜ ಅಜ್ಜಿಯರು, ಹೊಸದಾಗಿ ಮದುವೆಯಾದವರು, ಮಕ್ಕಳು ಎಲ್ಲರೂ ಒಂದೇ ವೇಷದಲ್ಲಿ ಟಕಟಕ ಸದ್ದುಮಾಡುತ್ತ ಒಂದು ಸ್ನಾನಗೃಹದಿಂದ ಇನ್ನೊಂದಕ್ಕೆ ನಡೆಯುತ್ತಿದ್ದರು. ಊರಿನಲ್ಲಿ ಇಂತಹ ಸಾರ್ವಜನಿಕ ಸ್ನಾನಗೃಹಗಳು ಏಳು. ವಸತಿಗೃಹದಲ್ಲಿ ತಂಗಿದವರಿಗೆ ಅವುಗಳಲ್ಲಿ ಪ್ರವೇಶ ಉಚಿತ. ಇಡೀ ಊರೇ ಒಂದು ವಸತಿಗೃಹವೆಂದು ಅಲ್ಲಿಯವರು ಹೇಳುತ್ತಾರೆ: ರೈಲು ನಿಲ್ದಾಣ ಅದರ ಹೆಬ್ಬಾಗಿಲು, ಬೀದಿ ಅದರ ಪಡಸಾಲೆ, ಒಂದೊಂದು ವಸತಿಗೃಹವೂ ಅದರ ಒಂದೊಂದು ಕೋಣೆ, ಏಳು ಸ್ನಾನಗೃಹಗಳೇ ಅದರ ಬಚ್ಚಲುಮನೆ.

ಸ್ನಾನದ ಕ್ರಮವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಬಾಗಿಲು. ಉಟ್ಟ ಬಟ್ಟೆಯನ್ನೆಲ್ಲ ಕಳಚಿಟ್ಟು, ಗಿಡ್ಡ ಮಣೆಯ ಮೇಲೆ ಕುಳಿತು ಮೊದಲು ಮೈ ತೊಳೆದುಕೊಳ್ಳಬೇಕು. ಸೋಪಿನ ಒಂದು ಹನಿಯೂ ಉಳಿಯದಂತೆ ನೀರು ಸುರಿದುಕೊಂಡ ಮೇಲೆಯೇ ಕೊಳಕ್ಕೆ ಇಳಿಯುವುದು. ಕೊಳೆ ತೊಳೆಯುವುದು ಹೊರಗೆ. ದಣಿವು ತೊಳೆಯುವುದು ಒಳಗೆ. ದೀಪಾವಳಿಯ ಮುಂಜಾವಿನಲ್ಲಿ ಹಂಡೆಯ ನೀರಿಗೆ ಬೆನ್ನೊಡ್ಡಿ ಬೆಳೆದ ನನಗೆ ಬಿಸಿನೀರೇನೂ ಹೊಸದಲ್ಲ. ಆದರೆ ಕತ್ತಿನವರೆಗೆ ಮುಳುಗಿ, ಮಾತಿಲ್ಲದೆ, ಅಪರಿಚಿತರ ಜೊತೆಯಲ್ಲಿ ಕುಳಿತಿರುವುದು ಹೊಸದು. ಮೈಮೇಲೆ ಬಟ್ಟೆಯಿಲ್ಲದ ಕಡೆ ಅಧಿಕಾರಿ ಯಾರು, ಕೂಲಿಕಾರ ಯಾರು ಎಂದು ಗೊತ್ತಾಗುವ ಬಗೆಯೇ ಇಲ್ಲ.

ಈ ನೀರಿಗೆ ಐತಿಹ್ಯದ ಹಿನ್ನೆಲೆಯೂ ಇದೆ. ದೋಚಿ ಶೋನಿನ್ ಎಂಬ ಬೌದ್ಧ ಭಿಕ್ಷು ಸಾವಿರ ದಿನ ಪ್ರಾರ್ಥನೆ ಮಾಡಲಾಗಿ ಕ್ರಿ.ಶ. 720ರಲ್ಲಿ ಬುಗ್ಗೆ ಚಿಮ್ಮಿತೆಂದು ಒಂದು ಕಥೆ. ಗಾಯಗೊಂಡ ಕೊಕ್ಕರೆಯೊಂದು ಇಲ್ಲಿನ ನೀರಿನಲ್ಲಿ ಕಾಲಿಟ್ಟು ಗುಣಹೊಂದಿ ಹಾರಿಹೋಯಿತೆಂದು ಇನ್ನೊಂದು. ಕೋನೊಯು ಎಂಬ ಸ್ನಾನಗೃಹದ ಹೆಸರು ಬಂದದ್ದು ಆ ಹಕ್ಕಿಯಿಂದ. ಹಿಂದಿನ ಕಾಲದಲ್ಲಿ ಬಂದವರು ಮೊದಲು ಗುಡ್ಡದ ಮೇಲಿನ ಒನ್ಸೆನ್‌ಜಿ ದೇವಾಲಯಕ್ಕೆ ಹೋಗಿ ಕೈಮುಗಿದು, ಅಲ್ಲಿ ಕೊಟ್ಟ ಮರದ ಸೌಟನ್ನು ಹಿಡಿದು ಸ್ನಾನಕ್ಕೆ ಇಳಿಯಬೇಕಾಗಿತ್ತಂತೆ. ನೀರು ಬೇಡಿ ಪಡೆದದ್ದು ಎಂಬ ಭಾವನೆ ಆ ಸೌಟಿನಲ್ಲಿತ್ತು.

ಸಾಹಿತ್ಯಪ್ರಿಯರಿಗೆ ಕಿನೊಸಾಕಿಯ ಹೆಸರು ಪರಿಚಿತವಾದದ್ದು ಶಿಗ ನವೊಯಾ ಎಂಬ ಲೇಖಕರಿಂದ. 1913ರಲ್ಲಿ ಟೋಕಿಯೊ ನಗರದಲ್ಲಿ ರೈಲು ಬಡಿದು ಗಾಯಗೊಂಡ ಅವರು ಚೇತರಿಸಿಕೊಳ್ಳಲೆಂದು ಇಲ್ಲಿಗೆ ಬಂದರು. ಆ ದಿನಗಳ ಅನುಭವದಿಂದ ಹುಟ್ಟಿದ ‘ಕಿನೊಸಾಕಿಯಲ್ಲಿ’ ಎಂಬ ಚಿಕ್ಕ ಕಥೆ 1917ರಲ್ಲಿ ಪ್ರಕಟವಾಯಿತು. ಸತ್ತುಬಿದ್ದ ಜೇನುಹುಳು, ನೀರಿನಲ್ಲಿ ಪ್ರಾಣಕ್ಕಾಗಿ ಒದ್ದಾಡುವ ಇಲಿ, ಸುಮ್ಮನೆ ಎಸೆದ ಕಲ್ಲು ತಗುಲಿ ಸಾಯುವ ಹಲ್ಲಿಯಂತಹ ಜಲಜೀವಿ: ಈ ಮೂರು ಸಾವುಗಳನ್ನು ನೋಡುತ್ತ, ತಾನು ಬದುಕಿ ಉಳಿದದ್ದು ಅದೃಷ್ಟವಷ್ಟೇ ಎಂದು ಕಥೆಯ ನಿರೂಪಕ ಅರಿಯುತ್ತಾನೆ. ಬದುಕು ಸಾವುಗಳ ನಡುವೆ ಅಂತರ ಬಹಳವಿಲ್ಲ ಎಂಬುದು ಅದರ ತಿರುಳು.

ಎಂಟು ವರ್ಷಗಳ ಮೇಲೆ ಊರಿಗೆ ಊರೇ ಈ ಮಾತಿನ ಅರ್ಥವನ್ನು ತಿಳಿಯಬೇಕಾಯಿತು. 1925ರ ಮೇ 23ರಂದು, ಮಧ್ಯಾಹ್ನದ ಅಡುಗೆಯ ಹೊತ್ತಿನಲ್ಲಿ ಭೂಮಿ ನಡುಗಿತು. ಉರುಳಿದ ಮನೆಗಳಿಗೆ ಬೆಂಕಿ ಹತ್ತಿತು. ಆ ಪ್ರದೇಶದಲ್ಲಿ ಸತ್ತವರು 400ಕ್ಕೂ ಹೆಚ್ಚು. ಕಿನೊಸಾಕಿ ಬಹುಮಟ್ಟಿಗೆ ಬೂದಿಯಾಯಿತು. ಜನ ಊರನ್ನು ಬಿಡಲಿಲ್ಲ. ಬೀದಿಗಳನ್ನು ಅಗಲಮಾಡಿದರು. ಕಂಪನದಿಂದ ಹತ್ತಿರದ ಗೆಂಬುದೊ ಗುಹೆಯ ಬಳಿ ಕುಸಿದಿದ್ದ ಕರಿಗಲ್ಲನ್ನು ತಂದು ಹೊಳೆಯ ದಡ ಕಟ್ಟಿದರು. ಬೆಂಕಿ ಹಬ್ಬದಂತೆ ನಡುನಡುವೆ ಕಾಂಕ್ರೀಟಿನ ಕಟ್ಟಡಗಳನ್ನಿಟ್ಟು, ಉಳಿದುದನ್ನು ಹಳೆಯ ರೀತಿಯಲ್ಲಿ ಮರದಿಂದಲೇ ಎಬ್ಬಿಸಿದರು. ಪುರಾತನವೆಂದು ಪ್ರವಾಸಿಗರು ಮೆಚ್ಚುವ ಬೀದಿ ಹೀಗೆ ಯೋಚಿಸಿ ಕಟ್ಟಿದ ಬೀದಿ.

ಮನೆಗಳು ಎದ್ದ ಮೇಲೆ ಇನ್ನೊಂದು ಪರೀಕ್ಷೆ ಕಾದಿತ್ತು. ಆವರೆಗೆ ಸ್ನಾನಕ್ಕೆ ಎಲ್ಲರೂ ಹೊರಗಿನ ಸ್ನಾನಗೃಹಗಳಿಗೇ ಹೋಗಬೇಕಾಗಿತ್ತು. 1927ರಲ್ಲಿ ವಸತಿಗೃಹವೊಂದು ತನ್ನ ಜಾಗದಲ್ಲಿ ಬಿಸಿನೀರು ತೆಗೆದು ತನ್ನ ಅತಿಥಿಗಳಿಗೆಂದು ಒಳಗೇ ಸ್ನಾನಗೃಹ ಕಟ್ಟಿತು. ನನ್ನ ನೆಲ, ನನ್ನ ನೀರು ಎಂಬುದು ಒಂದು ವಾದ. ನೆಲ ನಿನ್ನದಾದರೂ ಒಳಗಿನ ನೀರು ಊರಿನದು ಎಂಬುದು ಇನ್ನೊಂದು ವಾದ. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ನಡುವೆ ಒಂದು ಮಹಾಯುದ್ಧವೇ ಬಂದು ಹೋಯಿತು. ಇಪ್ಪತ್ತಮೂರು ವರ್ಷಗಳ ಮೇಲೆ, 1950ರಲ್ಲಿ, ರಾಜಿಯಾಯಿತು. ಬಿಸಿನೀರು ಊರಿನ ಸಾಮುದಾಯಿಕ ಸ್ವತ್ತು. ವಸತಿಗೃಹಗಳು ಒಳಗೆ ಸ್ನಾನಗೃಹ ಇಟ್ಟುಕೊಳ್ಳಬಹುದು, ಆದರೆ ಅದರ ಅಳತೆಗೆ ಮಿತಿ ಉಂಟು. 1972ರಲ್ಲಿ ಬುಗ್ಗೆಗಳ ನೀರನ್ನು ಒಂದೆಡೆ ಕೂಡಿಸಿ ಕೊಳವೆಗಳ ಮೂಲಕ ಎಲ್ಲರಿಗೂ ಹಂಚುವ ಏರ್ಪಾಡು ಸಿದ್ಧವಾಯಿತು.

ನಾನು ತಂಗಿದ್ದ ಕಡೆಯೂ ಇಬ್ಬರು ಮೂವರು ಹಿಡಿಸುವಷ್ಟು ಪುಟ್ಟ ಸ್ನಾನಗೃಹವಿತ್ತು. ಇಷ್ಟು ದೊಡ್ಡ ಮನೆಗೆ ಇಷ್ಟು ಚಿಕ್ಕದೇಕೆ ಎಂದು, ಇಂಗ್ಲಿಷ್ ಬಲ್ಲ ಹುಡುಗನ ಮೂಲಕ ಮನೆಯೊಡತಿಯನ್ನು ಕೇಳಿದೆ. ಆ ವೃದ್ಧೆ ನಕ್ಕು, “ದೊಡ್ಡದಾಗಿದ್ದರೆ ತಾವು ಹೊರಗೆ ಹೋಗುತ್ತಿದ್ದಿರೇ?” ಎಂದರು. ಕೊಳವೆಬಾವಿಗಳ ನಾಡಿನಿಂದ ಹೋದ ನನಗೆ ಆ ಮಾತು ಬಹಳ ಹೊತ್ತು ಕಿವಿಯಲ್ಲಿ ಉಳಿಯಿತು. ಅತಿಥಿ ಹೊರಗೆ ಹೊರಟರೆ ತಾನೆ ಮಿಠಾಯಿಯ ಅಂಗಡಿಗೆ, ಚಹಾದ ಅಂಗಡಿಗೆ, ಹಾವುಗೆ ಮಾರುವವನಿಗೆ ಬದುಕು? ಬೀದಿಯ ಆ ಟಕಟಕ ಸದ್ದು ತಲೆಮಾರಿನ ಅಭ್ಯಾಸದಿಂದ ಮಾತ್ರ ಉಳಿದದ್ದಲ್ಲ. ಎಲ್ಲರೂ ಬಾಳಬೇಕೆಂದು ಊರು ಜಗಳವಾಡಿ, ದಣಿದು, ಕೊನೆಗೆ ಒಪ್ಪಿ ಉಳಿಸಿಕೊಂಡದ್ದು.

ಐತಿಹ್ಯದ ಕೊಕ್ಕರೆಯ ವಿಷಯದಲ್ಲಿಯೂ ಇದೇ ಮಾತು ನಿಜ. ಗದ್ದೆಗಳಿಗೆ ಸುರಿದ ಕೀಟನಾಶಕ, ಗೂಡುಕಟ್ಟುವ ಮರಗಳ ನಾಶ ಇವುಗಳಿಂದ ಆ ಸಂತತಿ ಕ್ಷೀಣಿಸಿ, ಜಪಾನಿನಲ್ಲಿ ಉಳಿದಿದ್ದ ಕೊನೆಯ ಕಾಡುಕೊಕ್ಕರೆ 1971ರಲ್ಲಿ ಇದೇ ತೊಯೊಓಕಾ ಬಯಲಿನಲ್ಲಿ ಸತ್ತಿತು. 1985ರಲ್ಲಿ ಸೋವಿಯತ್ ದೇಶದ ಖಬಾರೊವ್‌ಸ್ಕ್ ಪ್ರಾಂತದಿಂದ ಮರಿಗಳನ್ನು ತರಿಸಿ ಸಾಕಿದರು. 1989ರಲ್ಲಿ ಅವು ಮರಿಮಾಡಿದವು. ರೈತರು ವಿಷವನ್ನು ಕಡಿಮೆಮಾಡಿ ಗದ್ದೆಯಲ್ಲಿ ಕಪ್ಪೆ ಮೀನುಗಳು ಬಾಳುವಂತೆ ನೀರು ನಿಲ್ಲಿಸಿದರು. 2005ರಲ್ಲಿ ಐದು ಹಕ್ಕಿಗಳನ್ನು ಬಾನಿಗೆ ಬಿಟ್ಟರು.

ಕಿನೊಸಾಕಿಯಿಂದ ಹೊರಟ ಬೆಳಿಗ್ಗೆ ರೈಲಿನ ಕಿಟಕಿಯಲ್ಲಿ ಕೊಯ್ಲಾದ ಗದ್ದೆಯೊಂದು ಕಂಡಿತು. ಕಪ್ಪು ಅಂಚಿನ ಬಿಳಿಯ ರೆಕ್ಕೆಯ ಎರಡು ಕೊಕ್ಕರೆಗಳು ನಿಂತ ನೀರಿನಲ್ಲಿ ತಲೆ ತಗ್ಗಿಸಿ ಮೇಯುತ್ತಿದ್ದವು. ಪಕ್ಕದ ಬದುವಿನ ಮೇಲೆ ರೈತನೊಬ್ಬ, ಅವುಗಳನ್ನು ಎಬ್ಬಿಸದಂತೆ, ಸುತ್ತುಹಾಕಿ ನಡೆದುಹೋಗುತ್ತಿದ್ದ.