ಹಳೇ ಕಾರಿನ ಸ್ಟೀಯರಿಂಗ್ ರ‍್ಯಾಕ್: ಬಿಗಿ ಮಾಡಿಸಿದ್ದೇ ತಪ್ಪಾಯಿತು

ದಂಟು, ಸಬ್ಬಸಿಗೆ, ಕೊತ್ತಂಬರಿ ಕಟ್ಟುಗಳನ್ನು ಬೆಳಕು ಹರಿಯುವ ಮೊದಲೇ ಮಡಿವಾಳ ಮಾರ್ಕೆಟ್ಟಿಗೆ ತಲುಪಿಸಬೇಕು. ತಡವಾದರೆ ಸೊಪ್ಪೂ ಬಾಡುತ್ತದೆ, ರೇಟೂ ಬಾಡುತ್ತದೆ. ಆನೇಕಲ್ ಕಡೆಯಿಂದ ಹೊಸೂರು ರಸ್ತೆ ಹಿಡಿದು ಹೋಗುವ ನನಗೆ ಇದಕ್ಕೆ ಆಧಾರ 2003ರ ಮಾರುತಿ 800. ಹದಿನೈದು ವರ್ಷ ತುಂಬಿದಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೆ ಇನ್ನೊಮ್ಮೆ ನೋಂದಣಿ ನವೀಕರಿಸಿದ್ದೇನೆ. ಇಂಜಿನ್ ಇನ್ನೂ ಗಟ್ಟಿ. ಕೈಕೊಟ್ಟದ್ದು ಸ್ಟೀಯರಿಂಗ್.

ಮೊದಮೊದಲು ಗುಂಡಿಗೆ ಇಳಿದಾಗ ಕಾಲಿನ ಹತ್ತಿರ 'ಕಟಕಟ' ಸದ್ದು. ಆಮೇಲೆ ನೆಟ್ಟಗೆ ಹೋಗುವಾಗಲೂ ಗಾಡಿ ಆಚೆ ಈಚೆ ಎಳೆಯತೊಡಗಿತು. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅವರು ರ‍್ಯಾಕಿನ ಅಡ್ಜಸ್ಟ್ ಸ್ಕ್ರೂ ತಿರುಗಿಸಿ ಐದೇ ನಿಮಿಷದಲ್ಲಿ ಬಿಗಿ ಮಾಡಿಕೊಟ್ಟರು. ಆಟ ಕಡಿಮೆಯಾಯಿತು. ಇಷ್ಟಕ್ಕೇ ಮುಗಿಯಿತಲ್ಲ ಎಂದು ನಾನೂ ಖುಷಿಪಟ್ಟೆ.

ಮಾರನೇ ವಾರ ಸಿಂಗಸಂದ್ರದಲ್ಲಿ ಅಡ್ಡರಸ್ತೆಗೆ ಪೂರ್ತಿ ಎಡಕ್ಕೆ ತಿರುಗಿಸಿದೆ. ತಿರುಗಿಸಿದ ಸ್ಟೀಯರಿಂಗ್ ವಾಪಸು ಬರಲಿಲ್ಲ, ಹಿಡಿದುಕೊಂಡುಬಿಟ್ಟಿತು. ಎರಡೂ ಕೈಯಲ್ಲಿ ಎಳೆದು ಬ್ರೇಕ್ ತುಳಿದಾಗ, ಸೈಕಲ್ಲಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ನಿಂತಿದ್ದವರಿಗೂ ನನ್ನ ಬಂಪರಿಗೂ ನಡುವೆ ಒಂದು ಮೊಳವೂ ಇರಲಿಲ್ಲ. ಅವರು ಬೈಯಲಿಲ್ಲ, ಸುಮ್ಮನೆ ನೋಡಿದರು. ಬೈದಿದ್ದರೇ ವಾಸಿಯಿತ್ತು.

ಅಲ್ಲೇ ಹತ್ತಿರ ಶೀಟ್ ಹಾಕಿದ ಸಣ್ಣ ಗ್ಯಾರೇಜಿತ್ತು. ನಿಧಾನವಾಗಿ ತಳ್ಳಿಕೊಂಡು ಹೋದೆವು. ಹುಡುಗ ಕೆಳಗೆ ತೂರಿ ನೋಡಿ ಬಂದು, "ಅಣ್ಣಾ, ಯಾರೋ ಬಿಗಿ ಮಾಡಿಬಿಟ್ಟವ್ರೆ. ರ‍್ಯಾಕು ನಡುವೆ ಸವೆದೈತೆ. ಇದು ಬಿಗಿ ಮಾಡೋ ಕಾಯಿಲೆ ಅಲ್ಲ" ಎಂದ.

"ಅದೆಂಗಪ್ಪಾ?" ಎಂದೆ. ಬಿಚ್ಚಿ ತೋರಿಸಿದ.

ಇಂಜಿನ್ನಿನ ಹಿಂಭಾಗದಲ್ಲಿ ಅಡ್ಡಲಾಗಿ ಒಂದು ಕೊಳವೆ. ಅದರೊಳಗೆ ಹಲ್ಲು ಕೊರೆದ ಸರಳು, ಇದೇ ರ‍್ಯಾಕ್. ಸ್ಟೀಯರಿಂಗ್ ತಿರುಗಿಸಿದರೆ ಅದರ ತುದಿಯ ಸಣ್ಣ ಹಲ್ಲುಚಕ್ರ ಈ ಸರಳನ್ನು ಎಡಕ್ಕೋ ಬಲಕ್ಕೋ ನೂಕುತ್ತದೆ. ಸರಳಿನ ಎರಡು ತುದಿಯ ಟೈರಾಡುಗಳು ಚಕ್ರವನ್ನು ತಿರುಗಿಸುತ್ತವೆ. ನಾವು ಗಾಡಿ ಓಡಿಸುವುದು ಬಹುಪಾಲು ನೆಟ್ಟಗೆ. ಹಾಗಾಗಿ ನಡುವಿನ ನಾಲ್ಕಾರು ಹಲ್ಲು ಮಾತ್ರ ಸವೆಯುತ್ತವೆ, ತುದಿಯ ಹಲ್ಲು ಹೊಸದರ ಹಾಗೇ ಇರುತ್ತವೆ. ಸವೆದ ನಡುಭಾಗಕ್ಕೆ ಸರಿಯಾಗುವಂತೆ ಬಿಗಿ ಮಾಡಿದರೆ, ಪೂರ್ತಿ ತಿರುಗಿಸಿದಾಗ ಸವೆಯದ ಹಲ್ಲು ಬಂದು ಕಚ್ಚಿಕೊಳ್ಳುತ್ತದೆ. ನನಗೆ ಆಗಿದ್ದು ಇದೇ.

ಸವೆತಕ್ಕೆ ಮೂಲ ಕಾರಣ ಬಲಗಡೆಯ ರಬ್ಬರ್ ಬೂಟ್. ಅದು ಯಾವಾಗಲೋ ಹರಿದಿತ್ತು. ಹೊಲದ ದಾರಿಯ ಕೆಸರು, ಮೆಟ್ರೋ ಕಾಮಗಾರಿ ನಡೆದ ವರ್ಷಗಳ ಹೊಸೂರು ರಸ್ತೆಯ ಧೂಳು ಒಳಗೆ ಸೇರಿ, ಗ್ರೀಸಿನೊಂದಿಗೆ ಕಲಸಿ ಮರಳುಕಾಗದದ ಹಾಗೆ ಹಲ್ಲನ್ನು ತಿಂದಿತ್ತು. 2025ರ ಆಗಸ್ಟಿನಲ್ಲಿ ಸಿಂಗಸಂದ್ರಕ್ಕೆ ಮೆಟ್ರೋ ಬಂತು. ಆದರೆ ಸೊಪ್ಪಿನ ಮೂಟೆ ಹೊತ್ತು ಮೆಟ್ರೋ ಹತ್ತಲಾಗುತ್ತದೆಯೇ?

ಗಾಡಿ ಮಾರಿಬಿಡೋಣ ಎಂದೂ ಯೋಚಿಸಿದೆ. ಈ ಸ್ಥಿತಿಯಲ್ಲಿ ಗುಜರಿ ಬೆಲೆಯೇ ಗತಿ. ಬಾಡಿಗೆ ಗಾಡಿ ಹಿಡಿದರೆ ಸೊಪ್ಪಿನ ಲಾಭವೆಲ್ಲ ಬಾಡಿಗೆಗೇ. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿದ್ದರೂ ಈ ಕಾರುಗಳು ಬಹಳ ಇರುವುದರಿಂದ ಬಿಡಿಭಾಗಕ್ಕೆ ಪರದಾಟವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದೆ. ಗುಜರಿಯಿಂದ ಬಿಚ್ಚಿದ ರ‍್ಯಾಕ್ ಅಗ್ಗಕ್ಕೆ ಸಿಗುತ್ತಿತ್ತು. ಅದರ ನಡುವಿನ ಹಲ್ಲೂ ಎಷ್ಟು ಸವೆದಿದೆಯೋ ಹೊರಗಿನಿಂದ ಕಾಣುವುದಿಲ್ಲ. ಹೊಸದನ್ನೇ ತಂದೆ. ಮೂರು ದಿನ ಮಾರ್ಕೆಟ್ಟಿಗೆ ಹೋಗಲಾಗಲಿಲ್ಲ. ಒಂದು ಮಡಿ ಕೊತ್ತಂಬರಿ ಹೂಬಿಟ್ಟು ದನಕ್ಕಾಯಿತು.

ಹುಡುಗನ ಜತೆ ಕೂತು ನೋಡಿ ಬರೆದಿಟ್ಟುಕೊಂಡದ್ದು ಇಷ್ಟು:

1. ರ‍್ಯಾಕಿಗೆ ಕೈಹಾಕುವ ಮೊದಲು ಅಗ್ಗದ ಭಾಗಗಳನ್ನು ನೋಡಿ. ಜಾಕ್ ಕೊಟ್ಟು ಮುಂದಿನ ಚಕ್ರವನ್ನು ಎಡ-ಬಲದ ಅಂಚು ಹಿಡಿದು ಅಲ್ಲಾಡಿಸಿ. ಆಟವಿದ್ದರೆ ಟೈರಾಡ್ ಎಂಡ್ ಅಥವಾ ರ‍್ಯಾಕಿನ ಕಡೆ ಸಂಶಯ. ಮೇಲೆ-ಕೆಳಗೆ ಹಿಡಿದಾಗಲೂ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ನೋಡಬೇಕು. ಒಬ್ಬರು ಸ್ಟೀಯರಿಂಗ್ ಆಡಿಸುವಾಗ ಇನ್ನೊಬ್ಬರು ಕೆಳಗಿನ ಕೀಲುಗಳನ್ನು ಮುಟ್ಟಿ ನೋಡಿದರೆ ಎಲ್ಲಿ ಸಡಿಲ ಎಂದು ಬೆರಳಿಗೇ ತಿಳಿಯುತ್ತದೆ.

2. ಗಾಡಿ ನಿಂತಿರುವಾಗ, ಟೈರು ಅಲ್ಲಾಡದೆ ಸ್ಟೀಯರಿಂಗ್ ಮಾತ್ರ ಆಡುವುದು ಸುಮಾರು ಒಂದು ಇಂಚು ದಾಟಿದರೆ ಎಚ್ಚರವಾಗಿ.

3. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಕ್ಕೆ ಕಲ್ಲು ಇಡಿ.

4. ಬಿಚ್ಚುವ ಮೊದಲು ಚಕ್ರ ನೆಟ್ಟಗಿರಲಿ. ಸ್ಟೀಯರಿಂಗ್ ಕಂಬಿ ರ‍್ಯಾಕಿಗೆ ಸೇರುವ ಜಾಗದಲ್ಲಿ ಗುರುತು ಹಾಕಿ. ಟೈರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಿ. ಮತ್ತೆ ಹಾಕುವಾಗ ಅಷ್ಟೇ ಸುತ್ತು.

5. ಹೊಸ ರ‍್ಯಾಕನ್ನು ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ ಸುತ್ತು ಎಣಿಸಿ, ಅರ್ಧಕ್ಕೆ ತಂದು ನಡುವೆ ನಿಲ್ಲಿಸಿ. ಆಮೇಲೆ ಜೋಡಿಸಿ. ಇಲ್ಲದಿದ್ದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ.

6. ಹಳೇ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬೇಡಿ. ಬಂಡಿಗೆ ಕಡಾಣಿ ಇದ್ದ ಹಾಗೆ ಅದು. ರ‍್ಯಾಕ್ ಹಿಡಿಯುವ ರಬ್ಬರ್ ಬುಷ್‌ಗಳನ್ನೂ ಹೊಸದೇ ಹಾಕಿಸಿ.

7. ಕೆಲಸ ಮುಗಿದ ದಿನವೇ ವೀಲ್ ಅಲೈನ್‌ಮೆಂಟ್. ಬಿಟ್ಟರೆ ಟೈರು ಸವೆದು ಇನ್ನೊಂದು ಖರ್ಚು.

ಇದು ಕೈಬಲದ ಸ್ಟೀಯರಿಂಗಿನ ಮಾತು. ಕರೆಂಟ್ ಮೋಟಾರಿರುವ ಪವರ್ ಸ್ಟೀಯರಿಂಗ್, ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಕ್ರಮ ಬೇರೆ. ಅಲ್ಲಿ ತಿಳಿದವರೇ ಕೈಹಾಕಬೇಕು. ಹಳೇ ಕಾರಿನಲ್ಲೂ ನಾವು ಕೂತು ನೋಡೋಣ, ಬಿಗಿಯುವ ಕೆಲಸ ಮೆಕ್ಯಾನಿಕ್ಕೇ ಮಾಡಲಿ.

ಈಗ ಟಿಲ್ಲರಿಗೆ ಎಣ್ಣೆ ನೋಡುವ ದಿನ ಕಾರಿನ ಕೆಳಗೂ ಬಗ್ಗಿ, ಟಾರ್ಚ್ ಬಿಟ್ಟು ಎರಡೂ ಬೂಟ್ ನೋಡುತ್ತೇನೆ. ರ‍್ಯಾಕಿನ ಬೆಲೆಯ ಮುಂದೆ ಆ ರಬ್ಬರಿನ ಬೆಲೆ ಏನೂ ಅಲ್ಲ. ಸಿಂಗಸಂದ್ರದ ಆ ತಿರುವು ಬಂದಾಗ ಮಾತ್ರ ಈಗಲೂ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಹೋಗಲಿ ಬಿಡಿ, ಒಳ್ಳೆಯದೇ.