ಮೂತ್ರ, ಮಲದ ತೊಂದರೆ: ಮುಚ್ಚಿಡಬೇಡಿ, ಊರಲ್ಲೇ ನೆರವಿದೆ

ಕಳೆದ ಮಳೆಗಾಲದಲ್ಲಿ ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಬೆಳಿಗ್ಗೆ ಆರಕ್ಕೇ ಫೋನ್ ಬಂತು. ಕರು ಹಾಕಿದ ಹಸುವಿನ ಗರ್ಭಕೋಶ ಹೊರಬಂದಿತ್ತು. ನಾನು ಹೋಗುವಷ್ಟರಲ್ಲಿ ಮನೆಯ ಯಜಮಾನಿ ಅದನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಕೂತಿದ್ದರು. ಒಳಗೆ ಸೇರಿಸಿ, ಹೊಲಿಗೆ ಹಾಕಿ ಕೈ ತೊಳೆಯುವಾಗ, ನೀರು ಹುಯ್ಯುತ್ತಿದ್ದ ಆಕೆ ಮೆಲ್ಲಗೆ ಕೇಳಿದರು: "ಇದು ಹೆಂಗಸ್ರಿಗೂ ಆಗುತ್ತಾ ಮೇಡಂ?"

ಆಕೆಗೆ ಆರು ವರ್ಷದಿಂದ ಆಗಿತ್ತು. ಕೆಮ್ಮಿದರೆ ಮೂತ್ರ ಸೋರುತ್ತಿತ್ತು. ಹುಲ್ಲಿನ ಹೊರೆ ಎತ್ತಿದರೆ ಕೆಳಗೆ ಏನೋ ಜಾರಿ ಬಂದಂತಾಗುತ್ತಿತ್ತು. ಡೇರಿ ಸಾಲಿನಲ್ಲಿ ಸೀರೆ ಒದ್ದೆಯಾದರೆ ಎಂಬ ಭಯಕ್ಕೆ ಹಾಲು ಹಾಕಲು ಮಗಳನ್ನು ಕಳಿಸುತ್ತಿದ್ದರು. ಬಸ್ಸು ಹತ್ತಿ ತವರಿಗೆ ಹೋಗುವುದನ್ನೂ ಬಿಟ್ಟಿದ್ದರು. ಹಸುವಿಗೆ ಒಂದು ಗಂಟೆಯೊಳಗೆ ಡಾಕ್ಟರನ್ನು ಕರೆಸಿದವರು ತಮ್ಮ ವಿಷಯವನ್ನು ಆರು ವರ್ಷ ಯಾರಿಗೂ ಹೇಳಿರಲಿಲ್ಲ.

ನಾನು ದನದ ಡಾಕ್ಟರು, ನಿಮಗೆ ಚಿಕಿತ್ಸೆ ಕೊಡುವವಳಲ್ಲ. ಆದರೆ ಎಲ್ಲಿಗೆ ಹೋಗಬೇಕು, ಏನು ಹೇಳಬೇಕು ಎಂಬುದನ್ನು ತಿಳಿಸಬಲ್ಲೆ. ಅಷ್ಟಕ್ಕಾಗಿಯೇ ಈ ಲೇಖನ.

ಯಾಕೆ ಹೀಗಾಗುತ್ತದೆ?

ನಮ್ಮ ಸೊಂಟದ ಮೂಳೆಗಳ ನಡುವೆ, ಕೆಳಭಾಗದಲ್ಲಿ, ತೊಟ್ಟಿಲ ಬಟ್ಟೆಯಂತೆ ಹರಡಿಕೊಂಡ ಸ್ನಾಯುಗಳಿವೆ. ಮೂತ್ರಕೋಶ, ಗರ್ಭಕೋಶ, ಕರುಳಿನ ಕೊನೆ ಭಾಗ ಇವನ್ನು ಹೊತ್ತಿರುವುದು ಈ ಸ್ನಾಯುಗಳೇ. ಹೆರಿಗೆಯಲ್ಲಿ ಇವು ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಬಾಣಂತನ ಮುಗಿಯುವ ಮೊದಲೇ ಭಾರ ಹೊರುವುದು, ಮಲಬದ್ಧತೆಯಿಂದ ದಿನವೂ ತಿಣುಕುವುದು, ಒಲೆ ಹೊಗೆಯ ಹಳೇ ಕೆಮ್ಮು, ಮುಟ್ಟು ನಿಂತ ನಂತರದ ಬದಲಾವಣೆ, ಇವೆಲ್ಲ ಸೇರಿ ಸ್ನಾಯು ಸಡಿಲವಾಗುತ್ತವೆ. ಐವತ್ತು ಕೆ.ಜಿ. ಹಿಂಡಿ ಮೂಟೆ, ಸಗಣಿ ಮಂಕರಿ, ಹಾಲಿನ ಕ್ಯಾನು ಎತ್ತುವ ನಮಗೆ ಈ ಅಪಾಯ ಇನ್ನೂ ಹೆಚ್ಚು.

ತೊಂದರೆ ಎಲ್ಲರಿಗೂ ಒಂದೇ ಬಗೆಯಲ್ಲ.

• ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಮೂತ್ರ ಸೋರುವುದು.
• ತಟ್ಟನೆ ಅವಸರವಾಗಿ, ಬಚ್ಚಲು ತಲುಪುವ ಮೊದಲೇ ಹೋಗಿಬಿಡುವುದು. ಸಕ್ಕರೆ ಕಾಯಿಲೆ, ಮೂತ್ರದ ಸೋಂಕು ಇದ್ದರೂ ಹೀಗಾಗಬಹುದು.
• ಕೆಳಗೆ ಗಡ್ಡೆಯಂತೆ ಕೈಗೆ ಸಿಗುವುದು. ಇದು ಗರ್ಭಕೋಶ ಜಾರಿರುವ ಲಕ್ಷಣವಿರಬಹುದು.
• ಗಾಳಿ, ಮಲ ತಡೆಯಲಾಗದಿರುವುದು. ಹೆರಿಗೆಯಲ್ಲಿ ಹರಿದ ಗಾಯ ಇದಕ್ಕೆ ಒಂದು ಕಾರಣ.

"ಮೂರು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ" ಎನ್ನುತ್ತೇವೆ. ಅನೇಕರಿಗೆ ಆಗುತ್ತದೆ ನಿಜ, ಆದರೆ ಸಹಿಸಿಕೊಂಡೇ ಇರಬೇಕಾಗಿಲ್ಲ. ಬಹುಪಾಲು ಮಂದಿಗೆ ಚಿಕಿತ್ಸೆಯಿಂದ ಗುಣ ಕಾಣುತ್ತದೆ.

ಮೊದಲು ಯಾರಿಗೆ ಹೇಳಬೇಕು?

ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ. ಊರಿನವರೆಂದು ಸಂಕೋಚವಾದರೆ ನೇರವಾಗಿ ಆರೋಗ್ಯ ಉಪಕೇಂದ್ರಕ್ಕೆ ಹೋಗಿ. ಈಗ ಅದಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಬೋರ್ಡು ಇರುತ್ತದೆ. ಅಲ್ಲಿನ ಸಮುದಾಯ ಆರೋಗ್ಯಾಧಿಕಾರಿ ಬಿ.ಪಿ., ಸಕ್ಕರೆ ನೋಡುತ್ತಾರೆ, ಮುಂದೆ ಎಲ್ಲಿಗೆ ಹೋಗಬೇಕೆಂದು ಚೀಟಿ ಬರೆದು ಕೊಡುತ್ತಾರೆ. ಫೋನಿನಲ್ಲೇ ಸಲಹೆ ಬೇಕಿದ್ದರೆ 104 ಆರೋಗ್ಯ ಸಹಾಯವಾಣಿ ಇದೆ.

ನಂತರದ ಮೆಟ್ಟಿಲು ಪ್ರಾಥಮಿಕ ಆರೋಗ್ಯ ಕೇಂದ್ರ. ಹೆರಿಗೆ ಮತ್ತು ಸ್ತ್ರೀರೋಗ ತಜ್ಞರನ್ನು ಕಾಣಲು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಾರ್ವಜನಿಕ ಆಸ್ಪತ್ರೆಗಳಲ್ಲಿ ವಿಚಾರಿಸಿ. ಹೆಚ್ಚಿನ ಪರೀಕ್ಷೆ, ಶಸ್ತ್ರಚಿಕಿತ್ಸೆಗೆ ಹಾಸನದ ಹಿಮ್ಸ್ ಇದೆ.

ಏನು ಹೇಳಬೇಕು?

"ಸುಸ್ತು, ಸೊಂಟ ನೋವು" ಎಂದು ಸುತ್ತಿ ಬಳಸಿ ಹೇಳಿದರೆ ಸುಸ್ತಿನ ಮಾತ್ರೆಯೇ ಸಿಗುತ್ತದೆ. "ಕೆಮ್ಮಿದರೆ ಉಚ್ಚೆ ಹೋಗುತ್ತದೆ", "ಕೆಳಗೆ ಗಡ್ಡೆ ಬರುತ್ತದೆ", "ಎರಡಕ್ಕೆ ತಡೆಯೋಕಾಗಲ್ಲ" ಎಂದು ನೇರವಾಗಿ ಹೇಳಿ. ಮಹಿಳಾ ಸಿಬ್ಬಂದಿ ಬೇಕೆಂದು, ಮರೆಯಲ್ಲಿ ಮಾತಾಡಬೇಕೆಂದು ಕೇಳಲು ಹಿಂಜರಿಯಬೇಡಿ.

ಹೋಗುವ ಮೊದಲು ಮೂರು ದಿನ ಲೆಕ್ಕ ಬರೆದಿಡಿ. ಹಾಲಿನ ಪಾಸ್‌ಬುಕ್ಕಿನಂತೆಯೇ: ಎಷ್ಟು ಲೋಟ ನೀರು, ಎಷ್ಟು ಕಾಫಿ ಕುಡಿದಿರಿ, ಹಗಲು ಎಷ್ಟು ಸಲ, ರಾತ್ರಿ ಎಷ್ಟು ಸಲ ಹೋದಿರಿ, ಯಾವ ಕೆಲಸ ಮಾಡುವಾಗ ಸೋರಿತು. ಡಾಕ್ಟರಿಗೆ ಇದರಿಂದ ಅರ್ಧ ಕೆಲಸ ಆದಂತೆ.

ಮನೆಯಲ್ಲೇ ಮಾಡಬಹುದಾದದ್ದು

ಮೂತ್ರ ತಡೆಯುವಂತೆ, ಗಾಳಿ ಹೋಗದಂತೆ ಹಿಡಿಯುವ ಹಾಗೆ ಕೆಳಗಿನ ಸ್ನಾಯುಗಳನ್ನು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಐದು ಎಣಿಸಿ ಬಿಡಿ, ಮತ್ತೆ ಐದು ಎಣಿಸುವಷ್ಟು ಸುಧಾರಿಸಿಕೊಳ್ಳಿ. ಉಸಿರು ಕಟ್ಟಬಾರದು. ಒಂದು ಸರ್ತಿಗೆ 8 ಬಾರಿ, ದಿನಕ್ಕೆ 3 ಸರ್ತಿ, ಕನಿಷ್ಠ 3 ತಿಂಗಳು. ಯಾರಿಗೂ ಗೊತ್ತಾಗದ ವ್ಯಾಯಾಮ ಇದು, ಡೇರಿ ಸಾಲಿನಲ್ಲಿ ನಿಂತೂ ಮಾಡಬಹುದು. ಸರಿಯಾಗಿ ಮಾಡುತ್ತಿದ್ದೀರಾ ಎಂದು ನರ್ಸ್ ಹತ್ತಿರ ಒಮ್ಮೆ ಕೇಳಿಕೊಳ್ಳಿ. ಕೆಮ್ಮುವ, ಭಾರ ಎತ್ತುವ ಮೊದಲೂ ಹೀಗೇ ಬಿಗಿಹಿಡಿಯಿರಿ.

ಅವಸರದ ತೊಂದರೆಗೆ, ಅನ್ನಿಸಿದ ಕೂಡಲೇ ಓಡದೆ ಒಂದೆರಡು ನಿಮಿಷ ತಡೆದು, ವಾರದಿಂದ ವಾರಕ್ಕೆ ಅಂತರ ಹೆಚ್ಚಿಸುತ್ತಾ ಬನ್ನಿ. ಕಾಫಿ, ಟೀ ಕಡಿಮೆ ಮಾಡಿ. ಆದರೆ ನೀರು ಕುಡಿಯುವುದನ್ನು ಬಿಡಬೇಡಿ. ನೀರು ಕಡಿಮೆಯಾದರೆ ಮೂತ್ರ ಕಟುವಾಗಿ ಉರಿ, ಅವಸರ ಹೆಚ್ಚುತ್ತದೆ, ಮಲವೂ ಗಟ್ಟಿಯಾಗುತ್ತದೆ. ರಾಗಿ ಮುದ್ದೆ, ಸೊಪ್ಪಿನ ಸಾರು, ಕಾಳು ನಮ್ಮ ಊಟದಲ್ಲಿ ಹೇಗೂ ಇವೆ, ಜೊತೆಗೆ ಸಾಕಷ್ಟು ನೀರಿರಲಿ. ಮೂಟೆ, ತುಂಬಿದ ಕ್ಯಾನು ಇಬ್ಬರು ಸೇರಿ ಎತ್ತಿ.

ತಡಮಾಡಬಾರದ ಲಕ್ಷಣಗಳು

ಮೂತ್ರದಲ್ಲಿ ಅಥವಾ ಮಲದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಬೇಗ ತೋರಿಸಿ. ಮೂತ್ರ ಪೂರ್ತಿ ಕಟ್ಟಿಕೊಂಡರೆ, ಚಳಿಜ್ವರದ ಜೊತೆ ಪಕ್ಕೆ ನೋವು ಬಂದರೆ, ತೊಡೆಗಳ ನಡುವೆ ಜೋಮು ಹಿಡಿದು ಕಾಲು ಸೋತರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ.

ಆಪರೇಷನ್ ಮತ್ತು ಖರ್ಚು

ಎಲ್ಲದಕ್ಕೂ ಆಪರೇಷನ್ ಬೇಕಿಲ್ಲ. ಜಾರಿದ ಗರ್ಭಕೋಶವನ್ನು ಎತ್ತಿ ಹಿಡಿಯಲು ಪೆಸರಿ ಎಂಬ ಬಳೆಯನ್ನು ಡಾಕ್ಟರು ಒಳಗೆ ಕೂರಿಸುತ್ತಾರೆ. ಬರೀ ಮೂತ್ರ ಸೋರುವುದಕ್ಕೆ ಗರ್ಭಕೋಶ ತೆಗೆಸುವುದು ಚಿಕಿತ್ಸೆಯಲ್ಲ. ಯಾರಾದರೂ ಹಾಗೆಂದರೆ ಒಪ್ಪುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲೋ ಹಿಮ್ಸ್‌ನಲ್ಲೋ ಇನ್ನೊಬ್ಬರಿಗೆ ತೋರಿಸಿ.

ಆಪರೇಷನ್ ಬೇಕೇಬೇಕೆಂದಾದರೆ, ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ ಇದೆ. ನಡುವೆ ನಿಂತಿದ್ದ ಅದು 2023ರ ಜನವರಿಯಿಂದ ಮತ್ತೆ ಜಾರಿಯಲ್ಲಿದೆ. ಹೆಸರು ನೋಂದಾಯಿಸಲು ವರ್ಷಕ್ಕೊಮ್ಮೆ ಅವಧಿ ಇರುತ್ತದೆ, ನಿಮ್ಮ ಸಂಘದ ಕಾರ್ಯದರ್ಶಿಯನ್ನು ಈಗಲೇ ಕೇಳಿ. ಬಿ.ಪಿ.ಎಲ್. ಕಾರ್ಡಿನವರು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಬಗ್ಗೆಯೂ ವಿಚಾರಿಸಿ. ಆ ಚಿಕಿತ್ಸೆ, ಆ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂಬುದನ್ನು ದಾಖಲಾಗುವ ಮೊದಲೇ ಖಚಿತ ಮಾಡಿಕೊಳ್ಳಿ.

ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯೋ ಮಾವನೋ ಇದ್ದು, ಅವರ ಮಲಮೂತ್ರದ ಆರೈಕೆಯೂ ನಿಮ್ಮ ಮೇಲೇ ಬಿದ್ದಿದ್ದರೆ ಅದನ್ನೂ ಆಶಾ ಕಾರ್ಯಕರ್ತೆಗೆ ತಿಳಿಸಿ. ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಚರ್ಮ ಒಣಗಿರುವಂತೆ ನೋಡಿಕೊಳ್ಳುವುದು ಹೇಗೆಂದು ಕೇಳಿ ಕಲಿಯಿರಿ.

ಮಹಿಳಾ ಸಂಘಗಳಿಗೆ ಒಂದು ಮಾತು: ನಿಮ್ಮ ಮುಂದಿನ ಸಭೆಗೆ ಸಮುದಾಯ ಆರೋಗ್ಯಾಧಿಕಾರಿಯನ್ನು ಅರ್ಧ ಗಂಟೆ ಕರೆಸಿ. ಒಬ್ಬರು ಬಾಯಿ ಬಿಟ್ಟರೆ ಉಳಿದವರಿಗೂ ಧೈರ್ಯ ಬರುತ್ತದೆ.

ಅಂದು ಕೇಳಿದ ಆ ತಾಯಿ ಮರುವಾರ ಉಪಕೇಂದ್ರಕ್ಕೆ ಹೋದರು, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ. ಬಳೆ ಕೂರಿಸಿದ್ದಾರೆ, ವ್ಯಾಯಾಮ ನಡೆದಿದೆ. ಇನ್ನೂ ಒಮ್ಮೊಮ್ಮೆ ಸೋರುತ್ತದೆಯಂತೆ. ಆದರೆ ಮೊನ್ನೆ ಲಸಿಕೆ ಹಾಕಲು ಹೋದಾಗ, ಡೇರಿ ಸಾಲಿನಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಿದ್ದವರು ಅವರೇ.